ಕೂತು ದಪ್ಪವಾದದ್ದೋ, ದಪ್ಪವಾಗಿ ಕೂತದ್ದೋ?



ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲು. ಮಳೆ ಕಡಿಮೆ, ಹುಲ್ಲು ಮತ್ತು ಕುರುಚಲು ಹೆಚ್ಚು. ಬೆಳಿಗ್ಗೆ ರೊಪ್ಪದ ಬೇಲಿ ತೆಗೆದರೆ ಕುರಿಗಳ ಹಿಂದೆ ಕುರಿಗಾಹಿಯ ನಡಿಗೆ ಶುರು. ಅದು ನಿಲ್ಲುವುದು ಹೊತ್ತು ಮುಳುಗುವಾಗ. ಅಲ್ಲಿಂದ ಚಳ್ಳಕೆರೆ ಪೇಟೆಗೆ ಬನ್ನಿ. ಎಣ್ಣೆ ಗಿರಣಿಗಳ ಊರು, ಶೇಂಗಾ ವ್ಯಾಪಾರದ ಊರು. ಇಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತ ವರ್ತಕರು ರಾತ್ರಿ ಅಂಗಡಿ ಬಾಗಿಲು ಹಾಕುವಾಗಲೇ ಏಳುವುದು. ಇನ್ನೂ ಮುಂದೆ ಮೊಳಕಾಲ್ಮೂರಿಗೆ ಹೋದರೆ ರೇಷ್ಮೆ ಸೀರೆಯ ನೇಕಾರರ ದಿನವೆಲ್ಲ ಮಗ್ಗದ ಮುಂದೆ ಕಳೆಯುತ್ತದೆ.

ಇವರನ್ನೆಲ್ಲ ಅಕ್ಕಪಕ್ಕ ನಿಲ್ಲಿಸಿದರೆ ಮನಸ್ಸಿಗೆ ಒಂದು ಉತ್ತರ ತಟ್ಟನೆ ಹೊಳೆಯುತ್ತದೆ. ನಡೆಯುವವರು ಸಣ್ಣಗಿರುತ್ತಾರೆ, ಕೂರುವವರಿಗೆ ಬೊಜ್ಜು ಬರುತ್ತದೆ. ಸರಿಯೇ ಇರಬಹುದು. ಆದರೆ ಅದನ್ನೇ ತಿರುಗಿಸಿ ಕೇಳಿ. ಮೈಯಲ್ಲಿ ಬೊಜ್ಜು ಸೇರಿದವರಿಗೆ ನಡೆಯುವುದೇ ಕಷ್ಟವಾಗಿ, ಅದರಿಂದಲೇ ಅವರು ಕೂತುಬಿಟ್ಟಿರಬಹುದಲ್ಲವೇ? ಕೂತದ್ದರಿಂದ ದಪ್ಪವೋ, ದಪ್ಪದಿಂದ ಕೂತದ್ದೋ? ಇಂದಿನ ಮಾತು ಈ ಒಂದೇ ಪ್ರಶ್ನೆಯದು. ಇದಕ್ಕೆ ಉತ್ತರ ಹುಡುಕಲು ವಿಜ್ಞಾನಿಗಳು ನಮ್ಮ ಜೀನುಗಳನ್ನೇ ಸಾಕ್ಷಿಗೆ ಕರೆದ ಬಗೆಯೇ ಇದರ ತಿರುಳು.

ಈ ಪ್ರಶ್ನೆ ಪಂಡಿತರ ಕಾಲಕ್ಷೇಪದ ಪ್ರಶ್ನೆಯಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಮ್ಮ ರಾಜ್ಯದಲ್ಲಿ 2019-20ರಲ್ಲಿ ನಡೆಯಿತು. ಕರ್ನಾಟಕದ ವಯಸ್ಕರಲ್ಲಿ, ಹೆಂಗಸರಿರಲಿ ಗಂಡಸರಿರಲಿ, ಹತ್ತರಲ್ಲಿ ಸುಮಾರು ಮೂವರ ತೂಕ ಮಿತಿಮೀರಿದೆ ಎಂದು ಅದು ತೋರಿಸಿತು. ಇವರಲ್ಲಿ ಬಹಳ ಜನ ದಿನಾ ಕೇಳಿಸಿಕೊಳ್ಳುವ ಮಾತು ಒಂದೇ: ಮೈ ಬಗ್ಗಿಸಿ ಕೆಲಸ ಮಾಡಲ್ಲ, ಅದಕ್ಕೇ ಹೀಗೆ. ಶಾಲೆಯ ಆಟದ ಮೈದಾನದಲ್ಲಿ ಈ ಮಾತು ಹತ್ತು ವರ್ಷದ ಮಗುವಿನ ಮೇಲೂ ಬೀಳುತ್ತದೆ. ಆ ಮಾತು ಎಷ್ಟು ನಿಜ ಎಂದು ತಿಳಿಯಬೇಕಾದದ್ದು ನ್ಯಾಯದ ವಿಷಯವೂ ಹೌದು.

ಕುರಿಗಾಹಿಯನ್ನೂ ವರ್ತಕರನ್ನೂ ಹೋಲಿಸಿ ಉತ್ತರ ಪಡೆಯಬಾರದೇ ಎಂದು ನೀವು ಕೇಳಬಹುದು. ಸಾಲದು. ಇಬ್ಬರಿಗೂ ನಡಿಗೆಯಲ್ಲಷ್ಟೇ ವ್ಯತ್ಯಾಸವಿದ್ದಿದ್ದರೆ ಸಾಕಾಗುತ್ತಿತ್ತು. ಒಬ್ಬರ ಬುತ್ತಿಯಲ್ಲಿ ಮುದ್ದೆ, ಇನ್ನೊಬ್ಬರ ಕೈಗೆ ಸಂಜೆ ಬೋಂಡಾ ಮತ್ತು ಸಿಹಿ ಚಹಾ. ಆದಾಯ ಬೇರೆ, ನಿದ್ದೆ ಬೇರೆ, ಬಾಲ್ಯದಲ್ಲಿ ಉಂಡದ್ದು ಬೇರೆ, ವಂಶವೂ ಬೇರೆ. ತೂಕದ ವ್ಯತ್ಯಾಸ ಇವುಗಳಲ್ಲಿ ಯಾವುದರಿಂದ ಬಂತು ಎಂದು ಬಿಡಿಸಿ ಹೇಳುವುದು ಹೇಗೆ?

ವಂಶದ ವ್ಯತ್ಯಾಸವನ್ನಾದರೂ ತಗ್ಗಿಸಲು ಒಂದು ದಾರಿಯಿದೆ. ಒಡಹುಟ್ಟಿದವರನ್ನು ಹೋಲಿಸುವುದು. ಒಂದೇ ತಾಯಿತಂದೆಯ ಮಕ್ಕಳು ಸರಾಸರಿ ಅರ್ಧದಷ್ಟು ಜೀನುಗಳನ್ನು ಹಂಚಿಕೊಂಡಿರುತ್ತಾರೆ. ಬಾಲ್ಯದ ಮನೆಯೂ ಒಂದೇ. 2005ರಿಂದ 2007ರವರೆಗೆ ಭಾರತದಲ್ಲಿ ಇಂಥದೊಂದು ದೊಡ್ಡ ಅಧ್ಯಯನ ನಡೆಯಿತು. ಹೆಸರು ಇಂಡಿಯನ್ ಮೈಗ್ರೇಷನ್ ಸ್ಟಡಿ. ಲಖನೌ, ನಾಗಪುರ, ಹೈದರಾಬಾದ್ ಮತ್ತು ನಮ್ಮ ಬೆಂಗಳೂರು, ಹೀಗೆ ನಾಲ್ಕು ನಗರಗಳ ಕಾರ್ಖಾನೆಗಳನ್ನು ಅದಕ್ಕೆ ಆರಿಸಿಕೊಂಡರು. ಬೆಂಗಳೂರಿನಲ್ಲಿ ಆಯ್ಕೆಯಾದದ್ದು ಎಚ್‌ಎಂಟಿ, ಕೈಗಡಿಯಾರಕ್ಕೆ ಹೆಸರಾದ ಅದೇ ಎಚ್‌ಎಂಟಿ. ಹಳ್ಳಿಯಿಂದ ಬಂದು ನೌಕರಿಗೆ ಸೇರಿದವರನ್ನೂ ಅವರ ಬಾಳಸಂಗಾತಿಗಳನ್ನೂ ಕರೆದರು. ಊರಲ್ಲೇ ಉಳಿದ ಅಣ್ಣನನ್ನೋ ತಂಗಿಯನ್ನೋ ಕರೆಸಿದರು. ನಾಲ್ಕೂ ಕಡೆ ಸೇರಿ ಸುಮಾರು 6,500 ಜನ. ತೂಕ, ಎತ್ತರ, ರಕ್ತ ಎಲ್ಲವನ್ನೂ ಪರೀಕ್ಷಿಸಿದರು.

ಬಿಎಂಐ ಎಂಬ ಅಳತೆ ನಿಮಗೆ ಗೊತ್ತಿರಬಹುದು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಅದು. ಐದೂಕಾಲು ಅಡಿ ಎತ್ತರದವರು 64 ಕೆಜಿ ತೂಗಿದರೆ ಅವರ ಬಿಎಂಐ ಸುಮಾರು 25. ಆ ಗೆರೆ ದಾಟಿದರೆ ಬೊಜ್ಜು ಎಂದು ಅಧ್ಯಯನ ಲೆಕ್ಕ ಹಾಕಿತು. ಹಳ್ಳಿಯಲ್ಲೇ ಉಳಿದ ಗಂಡಸರಲ್ಲಿ ಬೊಜ್ಜಿದ್ದವರು ನೂರಕ್ಕೆ 19. ಹಳ್ಳಿಯಿಂದ ನಗರಕ್ಕೆ ಬಂದವರಲ್ಲಿ ನೂರಕ್ಕೆ 38. ನಗರದಲ್ಲೇ ಹುಟ್ಟಿ ಬೆಳೆದವರಲ್ಲಿ 42. ಅಂದರೆ ಊರು ಬಿಟ್ಟವರಲ್ಲಿ ಪ್ರಮಾಣ ಎರಡು ಪಟ್ಟಾಯಿತು. ಮಧುಮೇಹವೂ ಹಾಗೆಯೇ, ಹಳ್ಳಿಯ ಗಂಡಸರಲ್ಲಿ ನೂರಕ್ಕೆ 6, ವಲಸೆ ಬಂದವರಲ್ಲಿ 14. ನಗರಕ್ಕೆ ಬಂದವರ ಓಡಾಟ ಕುಗ್ಗಿತ್ತು. ಊಟದಲ್ಲಿ ಎಣ್ಣೆ, ಕೊಬ್ಬು ಹೆಚ್ಚಿತ್ತು.

ಇಲ್ಲಿಗೆ ಒಂದು ಸಂಗತಿ ಗಟ್ಟಿಯಾಯಿತು. ವಂಶ ಹೆಚ್ಚುಕಡಿಮೆ ಒಂದೇ ಆದರೂ ಬದುಕುವ ರೀತಿ ಬದಲಾದರೆ ಮೈ ಬದಲಾಗುತ್ತದೆ. ಆದರೆ ನಮ್ಮ ಪ್ರಶ್ನೆ ಹಾಗೆಯೇ ಉಳಿಯಿತು. ಓಡಾಟ ಮೊದಲು ಕುಗ್ಗಿತೋ, ಹೊಟ್ಟೆ ಮೊದಲು ಬೆಳೆಯಿತೋ?

ಇದಕ್ಕೆ ಕಾಲವನ್ನು ಹಿಂಬಾಲಿಸಬೇಕು. ಮಕ್ಕಳನ್ನು ಹುಟ್ಟಿನಿಂದ ನೋಡುತ್ತ ಬರಬೇಕು. ಅಂಥ ಕೆಲಸ ಮೈಸೂರಿನಲ್ಲಿ ನಡೆದಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಹಳೆಯ ಮೈಸೂರಿಗರ ಬಾಯಲ್ಲಿ ಮಿಷನ್ ಆಸ್ಪತ್ರೆ. 1934ರಿಂದಲೂ ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟ ಪುಸ್ತಕಗಳಿದ್ದವು. ಇಂಗ್ಲೆಂಡಿನ ಸೌತಾಂಪ್ಟನ್‌ನ ವೈದ್ಯವಿಜ್ಞಾನಿ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ಸಂಶೋಧಕರು ಆ ದಾಖಲೆಗಳನ್ನು ಹಿಡಿದು ಕೆಲಸ ಆರಂಭಿಸಿದರು. 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಹೊಸ ಅಧ್ಯಯನ ಶುರುವಾಯಿತು. ಅದಕ್ಕೆ ಪಾರ್ಥೆನಾನ್ ಅಧ್ಯಯನ ಎಂದು ಹೆಸರು. ಬಸುರಿಯರನ್ನು ಸೇರಿಸಿಕೊಂಡರು. ಹುಟ್ಟಿದ ಮಕ್ಕಳನ್ನು ವರ್ಷ ವರ್ಷವೂ ಕರೆಸಿ ನೋಡಿದರು. ಡಾ. ಜಿ. ವಿ. ಕೃಷ್ಣವೇಣಿ ಅವರಂಥ ಸಂಶೋಧಕರು ಮೈಸೂರಿನಲ್ಲೇ ನಿಂತು ಈ ಕೆಲಸವನ್ನು ದಶಕಗಟ್ಟಲೆ ಮುಂದುವರಿಸಿದರು.

ಈ ಮಕ್ಕಳ ಮೈಗೆ ಒಂದು ಪುಟ್ಟ ಸಾಧನವನ್ನು ಕೆಲವು ದಿನ ಕಟ್ಟಿದರು. ಮಗು ಎಷ್ಟು ಅಲುಗಾಡಿತು, ಎಷ್ಟು ಹೊತ್ತು ಕೂತಿತ್ತು ಎಂಬುದನ್ನು ಅದು ತಾನೇ ದಾಖಲಿಸುತ್ತದೆ. ತಾಯಿಯ ನೆನಪನ್ನೂ ಮಗುವಿನ ಮಾತನ್ನೂ ನಂಬಬೇಕಿಲ್ಲ. 2019ರಲ್ಲಿ ಫಲಿತಾಂಶ ಪ್ರಕಟವಾಯಿತು. ಬಾಲ್ಯದಲ್ಲಿ ಹೆಚ್ಚು ಓಡಾಡಿದ ಮಕ್ಕಳ ಮೈಯಲ್ಲಿ ಹದಿಹರೆಯದ ಆರಂಭದ ಹೊತ್ತಿಗೆ ಕೊಬ್ಬು ಕಡಿಮೆಯಿತ್ತು. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್‌ಗೆ ಅವರ ದೇಹ ಚೆನ್ನಾಗಿ ಸ್ಪಂದಿಸುತ್ತಿತ್ತು.

ಒಳ್ಳೆಯ ಸುದ್ದಿ. ಆದರೂ ಗಂಟು ಪೂರ್ತಿ ಬಿಚ್ಚಲಿಲ್ಲ. ಕಡಿಮೆ ಓಡಾಡಿದ ಮಗುವಿನ ಮೈಯಲ್ಲಿ ಆಗಲೇ ಕೊಬ್ಬು ಸೇರತೊಡಗಿರಬಹುದು. ಮನೆಯ ಊಟವೇ ಎರಡಕ್ಕೂ ಕಾರಣವಿರಬಹುದು. ಹೋಲಿಕೆಯಿಂದ ನಂಟು ಕಾಣುತ್ತದೆ, ಕಾರಣದ ದಿಕ್ಕು ಕಾಣುವುದಿಲ್ಲ.

ಕೇಳುಗರೇ, ಜೀನುಗಳು ಪ್ರವೇಶಿಸುವುದು ಇಲ್ಲಿ.

ಬಹುತೇಕ ಎಲ್ಲ ಜೀನುಗಳಿಗೂ ನಮ್ಮಲ್ಲಿ ಎರಡೆರಡು ಪ್ರತಿಗಳಿವೆ. ಒಂದು ತಾಯಿಯಿಂದ, ಒಂದು ತಂದೆಯಿಂದ. ತಾಯಿಯಲ್ಲಿರುವ ಎರಡರಲ್ಲಿ ಯಾವುದು ಮಗುವಿಗೆ ಬರಬೇಕು ಎಂಬುದು ಚೀಟಿ ಎತ್ತಿದ ಹಾಗೆ. ತಂದೆಯದೂ ಹಾಗೆಯೇ. ಆ ಚೀಟಿಗೆ ಮನೆಯ ಆದಾಯ ಗೊತ್ತಿಲ್ಲ, ಊರು ಯಾವುದೆಂದು ಗೊತ್ತಿಲ್ಲ. ಮಗು ಮುಂದೆ ಆಟವಾಡುತ್ತದೋ ಕೂತಿರುತ್ತದೋ ಎಂಬುದೂ ಗೊತ್ತಿಲ್ಲ. ಬಸಿರು ನಿಂತ ಗಳಿಗೆಯಲ್ಲೇ ಅದು ತೀರ್ಮಾನವಾಗುತ್ತದೆ, ಮುಂದೆ ಬದಲಾಗುವುದಿಲ್ಲ. ಹಾಗಾದರೆ ತೂಕ ಏರಿಸುವ ಚೀಟಿ ಬಂದ ಮಕ್ಕಳನ್ನೂ ಬಾರದ ಮಕ್ಕಳನ್ನೂ ಹೋಲಿಸಬಹುದಲ್ಲ! ಈ ವಿಧಾನಕ್ಕೆ ಮೆಂಡೇಲಿಯನ್ ರ‍್ಯಾಂಡಮೈಸೇಷನ್ ಎಂದು ಹೆಸರು. ಬಟಾಣಿ ಗಿಡಗಳ ಮೇಲೆ ಪ್ರಯೋಗ ಮಾಡಿ ಆನುವಂಶೀಯತೆಯ ನಿಯಮ ಕಂಡುಕೊಂಡ ಗ್ರೆಗರ್ ಮೆಂಡೆಲ್ ಅವರ ಹೆಸರು ಅದು. 2003ರಲ್ಲಿ ಇದನ್ನು ಬಲವಾಗಿ ಮುಂದಿಟ್ಟವರು ಇಂಗ್ಲೆಂಡಿನ ಬ್ರಿಸ್ಟಲ್‌ನ ಜಾರ್ಜ್ ಡೇವಿ ಸ್ಮಿತ್ ಮತ್ತು ಶಾ ಇಬ್ರಾಹಿಂ. ಎಚ್‌ಎಂಟಿ ನೌಕರರನ್ನು ಒಳಗೊಂಡ ವಲಸೆ ಅಧ್ಯಯನದ ನೇತೃತ್ವ ವಹಿಸಿದ್ದವರೂ ಇದೇ ಇಬ್ರಾಹಿಂ.

ಉಪಾಯ ಸಿಕ್ಕಿತು. ತೂಕ ಏರಿಸುವ ಜೀನು ಸಿಕ್ಕಬೇಕಿತ್ತು. ಅದು ಸಿಕ್ಕಿದ್ದು 2007ರಲ್ಲಿ. ಹೆಸರು ಎಫ್‌ಟಿಓ. ಸುಮಾರು 39 ಸಾವಿರ ಜನರನ್ನು ಪರೀಕ್ಷಿಸಿದ ಬ್ರಿಟಿಷ್ ತಂಡ ಇದನ್ನು ಗುರುತಿಸಿತು. ಈ ಜೀನಿನ ಒಂದು ರೂಪ ತಾಯಿತಂದೆ ಇಬ್ಬರಿಂದಲೂ ಬಂದವರು, ಬಾರದವರಿಗಿಂತ ಸರಾಸರಿ 3 ಕೆಜಿ ಹೆಚ್ಚು ತೂಗುತ್ತಿದ್ದರು. ಯೂರೋಪಿನಲ್ಲಿ ಆರು ಜನರಲ್ಲಿ ಒಬ್ಬರು ಅಂಥವರು. ನಮ್ಮಲ್ಲೂ ಈ ರೂಪವಿದೆ. 2009ರಲ್ಲಿ ಪುಣೆ, ಮೈಸೂರು ಮತ್ತು ಹೈದರಾಬಾದಿನ ಸಂಶೋಧಕರು ವಿದೇಶಿ ಸಹೋದ್ಯೋಗಿಗಳೊಡನೆ ಸೇರಿ, ಭಾರತೀಯರಲ್ಲಿ ಇದಕ್ಕೆ ಮಧುಮೇಹದೊಡನೆ ಬಲವಾದ ನಂಟಿದೆ ಎಂದು ತೋರಿಸಿದರು.

ಈ ಜೀನು ತೂಕವನ್ನು ಏರಿಸುವುದು ಹೇಗೆ? ನಮ್ಮ ಪ್ರಶ್ನೆಗೆ ಇದು ಬಹಳ ಮುಖ್ಯ. 2008ರಲ್ಲಿ ಸ್ಕಾಟ್ಲೆಂಡಿನ ಮಕ್ಕಳಿಗೆ ಊಟವಿಟ್ಟು ಎಷ್ಟು ತಿಂದರು ಎಂದು ತೂಗಿ ನೋಡಿದರು. ಆ ರೂಪವಿದ್ದ ಮಕ್ಕಳು ಹೆಚ್ಚು ಕ್ಯಾಲೊರಿಯ ಆಹಾರ ತಿಂದರು. ದೇಹ ಶಕ್ತಿ ಸುಡುವ ಪ್ರಮಾಣದಲ್ಲಿ ಕೊರತೆ ಕಾಣಲಿಲ್ಲ. ಅಂದರೆ ಈ ಜೀನು ಕೆಲಸ ಮಾಡುವುದು ಹಸಿವಿನ ಮೂಲಕ, ತಟ್ಟೆಯ ಮೂಲಕ. ಕಾಲಿನ ತಂಟೆಗೆ ಅದು ನೇರವಾಗಿ ಹೋಗುವುದಿಲ್ಲ. ಹಾಗಿದ್ದೂ ಆ ಚೀಟಿ ಬಂದ ಮಕ್ಕಳು ಕಡಿಮೆ ಓಡಾಡಿದರೆ ಅದಕ್ಕೆ ತೂಕವೇ ಕಾರಣ ಎನ್ನಬೇಕಾಗುತ್ತದೆ.

ಒಮ್ಮೆ ಹಿಂದಿರುಗಿ ನೋಡೋಣ. ಒಡಹುಟ್ಟಿದವರ ಹೋಲಿಕೆ ಜೀವನಶೈಲಿಯ ಬಲ ತೋರಿಸಿತು. ಮೈಸೂರಿನ ಮಕ್ಕಳು ಓಡಾಟಕ್ಕೂ ಕೊಬ್ಬಿಗೂ ನಂಟಿದೆ ಎಂದು ತೋರಿಸಿದರು. ದಿಕ್ಕು ಹೇಳಲು ಜೀನು ಬೇಕಾಯಿತು.

ಆ ಪರೀಕ್ಷೆಯನ್ನು ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಮಾಡಿ 2014ರಲ್ಲಿ ಪ್ರಕಟಿಸಿದರು. ಆ ಊರಿನ ಸುತ್ತಮುತ್ತ 1990ರ ದಶಕದ ಆರಂಭದಲ್ಲಿ ಹುಟ್ಟಿದ ಮಕ್ಕಳನ್ನು ಅವರು ಹಿಂಬಾಲಿಸುತ್ತಿದ್ದರು. ಹನ್ನೊಂದು ವರ್ಷದ ಸುಮಾರು 4,300 ಮಕ್ಕಳು ಚಲನೆ ಅಳೆಯುವ ಸಾಧನ ಕಟ್ಟಿಕೊಂಡರು. ಎಫ್‌ಟಿಓ ಸೇರಿದಂತೆ ತೂಕಕ್ಕೆ ಸಂಬಂಧಿಸಿದ ಮೂವತ್ತಕ್ಕೂ ಹೆಚ್ಚು ಜೀನುಗುರುತುಗಳನ್ನು ಪ್ರತಿ ಮಗುವಿನಲ್ಲೂ ಎಣಿಸಿದರು. ಉತ್ತರ ಸ್ಪಷ್ಟವಾಗಿತ್ತು. ಜೀನಿನ ಕಾರಣದಿಂದ ಬಿಎಂಐ ಮೂರು ಅಂಕಕ್ಕಿಂತ ತುಸು ಹೆಚ್ಚಾದರೆ, ಅಂದರೆ ಆ ವಯಸ್ಸಿನ ಮಗುವಿಗೆ ಆರೇಳು ಕೆಜಿ ಕೂಡಿದರೆ, ಏದುಸಿರು ಬರುವಂಥ ಓಡಾಟ ದಿನಕ್ಕೆ ಎರಡೂವರೆ ನಿಮಿಷ ಇಳಿಯುತ್ತಿತ್ತು. ಕೂತ ಹೊತ್ತು ಮೂರೂವರೆ ನಿಮಿಷ ಏರುತ್ತಿತ್ತು. ಎರಡೂವರೆ ನಿಮಿಷ ಯಾವ ಲೆಕ್ಕ ಎನ್ನಬೇಡಿ. ಆ ಮಕ್ಕಳಲ್ಲಿ ಅಂಥ ಓಡಾಟವೇ ದಿನಕ್ಕೆ ಸುಮಾರು 20 ನಿಮಿಷವಿತ್ತು.

ದಪ್ಪವಾದ ಮಗು ಆಟಕ್ಕೆ ಹಿಂಜರಿದರೆ, ತೂಕವೇ ಅದನ್ನು ಹಿಂದಕ್ಕೆ ಎಳೆಯುತ್ತಿರಬಹುದು. ಸೋಮಾರಿ ಎಂಬ ಬೈಗುಳ ಆ ಮಗುವಿಗೆ ಮಾಡುವ ಅನ್ಯಾಯ.

ಹಾಗಾದರೆ ಇನ್ನೊಂದು ದಿಕ್ಕು ಸುಳ್ಳೇ? ಕೂತದ್ದರಿಂದ ಬೊಜ್ಜು ಬರುವುದಿಲ್ಲವೇ? ಬ್ರಿಸ್ಟಲ್‌ನವರಿಗೆ ಅದನ್ನು ಪರೀಕ್ಷಿಸುವ ಸಲಕರಣೆ ಇರಲಿಲ್ಲ. ಅದಕ್ಕೆ ಓಡಾಟವನ್ನೇ ಪ್ರಭಾವಿಸುವ ಜೀನುಗುರುತುಗಳು ಬೇಕು.

ಓಡಾಟವೂ ವಂಶದಿಂದ ಬರುತ್ತದೆಯೇ ಎಂದು ಅಚ್ಚರಿಪಡಬೇಡಿ. ಚಳ್ಳಕೆರೆಯ ಕಾವಲಿನ ಜನಕ್ಕೆ ಇದು ಹೊಸದಲ್ಲ. ಅಮೃತಮಹಲ್ ರಾಸುಗಳಿಗಾಗಿ ಮೀಸಲಿಟ್ಟ ಕಾವಲುಗಳ ನೆಲ ಇದು. ಮೈಸೂರು ಅರಸರ ಕಾಲದಲ್ಲಿ, ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ, ಸೈನ್ಯದ ಸಾಮಾನು ಎಳೆಯಲು ಈ ತಳಿಯನ್ನು ಬೆಳೆಸಿದರು. ವೇಗ ಮತ್ತು ದಣಿಯದ ನಡಿಗೆ ಇದ್ದ ರಾಸುಗಳನ್ನೇ ತಲೆಮಾರಿನಿಂದ ತಲೆಮಾರಿಗೆ ಆರಿಸಿಕೊಂಡು ಬಂದರು. ಆ ಗುಣ ಕರುವಿಗೆ ಇಳಿಯುತ್ತದೆ ಎಂಬ ನಂಬಿಕೆಯ ಮೇಲೆಯೇ ಆ ಆಯ್ಕೆ ನಿಂತಿತ್ತು.

ಮನುಷ್ಯರ ಓಡಾಟದಲ್ಲಿ ವಂಶದ ಪಾಲು ಸಣ್ಣದು. ಬ್ರಿಟನ್ನಿನ ಸುಮಾರು 91 ಸಾವಿರ ಜನರ ಮಣಿಕಟ್ಟಿಗೆ ಸಾಧನ ಕಟ್ಟಿ ಪಡೆದು 2018ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಜನರ ಓಡಾಟದಲ್ಲಿನ ವ್ಯತ್ಯಾಸದ ಐದನೆಯ ಒಂದು ಭಾಗಕ್ಕೆ ಜೀನು ಕಾರಣ. ಉಳಿದದ್ದರಲ್ಲಿ ಬದುಕಿನ ಪಾಲೂ ಇದೆ. ಅದೇ ಅಧ್ಯಯನದ ಇನ್ನೊಂದು ಸೂಚನೆ: ಹೆಚ್ಚು ಓಡಾಟ ರಕ್ತದೊತ್ತಡವನ್ನು ಇಳಿಸಬಲ್ಲದು. 2022ರಲ್ಲಿ ಕೋಪನ್‌ಹೇಗನ್‌ನ ಸಂಶೋಧಕರು ಇಂಥ ಗುರುತುಗಳನ್ನು ಬಳಸಿ ಎರಡೂ ದಿಕ್ಕನ್ನು ಒಟ್ಟಿಗೆ ಪರೀಕ್ಷಿಸಿದರು. ಎರಡೂ ನಿಜ ಎಂಬುದು ಅವರಿಗೆ ಸಿಕ್ಕ ಉತ್ತರ. ಕೂರುವುದು ಕೊಬ್ಬನ್ನು ಕೂಡಿಸುತ್ತದೆ. ಕೂಡಿದ ಕೊಬ್ಬು ಇನ್ನಷ್ಟು ಕೂರಿಸುತ್ತದೆ.

ಇದೊಂದು ಸುತ್ತು. ಎಲ್ಲಿ ಬೇಕಾದರೂ ಶುರುವಾಗಬಹುದು. ಒಬ್ಬರಿಗೆ ಜೀನಿನ ಹಸಿವಿನಿಂದ, ಇನ್ನೊಬ್ಬರಿಗೆ ನಗರದ ನೌಕರಿಯಿಂದ, ಮತ್ತೊಬ್ಬರಿಗೆ ಮೊಣಕಾಲು ನೋವಿನಿಂದ.

ಸುತ್ತನ್ನು ಮುರಿಯಬಹುದೇ? ಜೀನು ಹುಟ್ಟಿನಿಂದ ಬಂದದ್ದು, ಬದಲಾಯಿಸಲಾಗದು ಎಂದೆವು. ಆದರೆ ಅದರ ಪರಿಣಾಮ ಬದಲಾಗುತ್ತದೆ. 2011ರಲ್ಲಿ ಹಲವು ದೇಶಗಳ ಸುಮಾರು 2 ಲಕ್ಷ 18 ಸಾವಿರ ವಯಸ್ಕರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಎಫ್‌ಟಿಓ ಜೀನಿನಿಂದ ಬರುವ ಬೊಜ್ಜಿನ ಅಪಾಯ, ದೈಹಿಕವಾಗಿ ಚಟುವಟಿಕೆಯಿಂದಿರುವವರಲ್ಲಿ ಕಾಲು ಭಾಗಕ್ಕೂ ಹೆಚ್ಚು ತಗ್ಗಿತ್ತು. ಚಟುವಟಿಕೆಯವರು ಎನಿಸಿಕೊಳ್ಳಲು ಓಟದ ಸ್ಪರ್ಧಿಗಳಾಗಬೇಕಿರಲಿಲ್ಲ. ತೀರ ಕೂತೇ ಇರುವವರನ್ನು ಬಿಟ್ಟರೆ ಹೆಚ್ಚಿನವರು ಆ ಗುಂಪಿಗೇ ಸೇರಿದ್ದರು. ಮಕ್ಕಳಲ್ಲಿ ಮಾತ್ರ ಈ ವ್ಯತ್ಯಾಸ ಕಾಣಲಿಲ್ಲ.

ಈಗ ನಮ್ಮ ನಾಡಿನ ಮೈಗೆ ಬರೋಣ. ಈ ಜೀನು ಅಧ್ಯಯನಗಳಲ್ಲಿ ಹೆಚ್ಚಿನವು ಯೂರೋಪ್ ಮೂಲದ ಜನರ ಮೇಲೆ ನಡೆದವು. ನಮ್ಮ ಮೈ ಸ್ವಲ್ಪ ಬೇರೆ. 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಚಿತ್ರ ಅಚ್ಚಾಯಿತು. ಇಬ್ಬರು ವೈದ್ಯರು ಅಕ್ಕಪಕ್ಕ ನಿಂತಿದ್ದಾರೆ. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐಯೂ ಒಂದೇ, ಸುಮಾರು 22. ಇಬ್ಬರೂ ದಪ್ಪಗಿಲ್ಲ. ಆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ನೂರಕ್ಕೆ 9 ಭಾಗ, ಯಾಜ್ಞಿಕ್ ಅವರ ಮೈಯಲ್ಲಿ 21 ಭಾಗ. ತೆಳ್ಳಗೆ ಕಾಣುವ ಭಾರತೀಯರ ಒಳಗೂ ಕೊಬ್ಬು ಅಡಗಿರಬಹುದು ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ. ಆದ್ದರಿಂದಲೇ ನಮ್ಮ ವೈದ್ಯರು ತೂಕದ ಜೊತೆ ಸೊಂಟದ ಸುತ್ತಳತೆಯನ್ನೂ ನೋಡುತ್ತಾರೆ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಇದು ಮಿತಿ.

ನಮ್ಮ ಜನರ ಜೀನುಗಳನ್ನು ನಾವೇ ಓದುವ ಕೆಲಸವೂ ಶುರುವಾಗಿದೆ. ಜೀನೋಮ್ ಇಂಡಿಯಾ ಯೋಜನೆ 2020ರಲ್ಲಿ ಆರಂಭವಾಯಿತು. ದೇಶದ ನಾನಾ ಸಮುದಾಯಗಳ 10 ಸಾವಿರ ಜನರ ಸಂಪೂರ್ಣ ಜೀನೋಮ್ ಓದಿ, 2025ರ ಜನವರಿಯಲ್ಲಿ ಆ ಮಾಹಿತಿಯನ್ನು ಸಂಶೋಧಕರಿಗೆ ತೆರೆದಿಟ್ಟರು. ಇದನ್ನು ಸಂಯೋಜಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ. ಅದೇ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಚಳ್ಳಕೆರೆಯ ಕುದಾಪುರದ ಕಾವಲಿನಲ್ಲಿದೆ. ಅಲ್ಲಿ ಶಾಲಾ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಇಂದಿನ ಪ್ರಶ್ನೆ ಆ ಶಿಕ್ಷಕರ ಮೂಲಕ ತರಗತಿಗಳಿಗೂ ತಲುಪಬೇಕು. ಆನುವಂಶೀಯತೆಯ ಪಾಠ ಬಟಾಣಿ ಗಿಡಕ್ಕೇ ನಿಲ್ಲದೆ ಮಕ್ಕಳ ಮೈವರೆಗೂ ಬರಬೇಕು.

ಕೊನೆಯದಾಗಿ, ಇದೆಲ್ಲದರಿಂದ ಮನೆಗೆ ಏನು ಉಪಯೋಗ? ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ ಒಂದು ಗಂಟೆ ಚೆನ್ನಾಗಿ ಆಡಬೇಕು. ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಬೇಕು. ಇದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ತೂಕ ಹೆಚ್ಚಿರುವ ಮಗುವಿಗೆ ಊಟದ ಕಡೆಯಿಂದಲೂ ನೆರವು ಬೇಕು. ಬರೀ ಓಡು ಓಡು ಎಂದರೆ ತೂಕ ಅದನ್ನು ಓಡಲು ಬಿಡುವುದಿಲ್ಲ. ಅದಕ್ಕೆ ಒಗ್ಗುವ ಆಟ ಹುಡುಕಿಕೊಡಿ. ಸಾಲಿನ ಕೊನೆಗೆ ನಿಲ್ಲಿಸಿ ನಗಬೇಡಿ.

ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಒಂದು ನಮೂನೆ ಹಿಡಿದು ಬರುತ್ತಾರೆ. ಸೊಂಟದ ಸುತ್ತಳತೆ ತೆಗೆದು ಅದರಲ್ಲಿ ಬರೆಯುತ್ತಾರೆ. ವಾರಕ್ಕೆ 150 ನಿಮಿಷ ಚಟುವಟಿಕೆ ಉಂಟೇ ಎಂದು ಕೇಳುತ್ತಾರೆ. ಮನೆತನದಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಇತ್ತೇ ಎಂದೂ ಕೇಳುತ್ತಾರೆ. ನಾವು ಇಷ್ಟು ಹೊತ್ತು ಮಾತಾಡಿದ ಕೊಬ್ಬು, ಓಡಾಟ, ವಂಶ ಮೂರೂ ಆ ಒಂದೇ ಹಾಳೆಯಲ್ಲಿವೆ. ಪ್ರತಿ ಉತ್ತರಕ್ಕೂ ಅಂಕವಿದೆ. ಒಟ್ಟು ನಾಲ್ಕಕ್ಕಿಂತ ಹೆಚ್ಚಾದರೆ ಬೇಗನೆ ಹೋಗಿ ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿಕೊಳ್ಳಿ. ಕುರಿಯ ಹಿಂದೆ ನಡೆಯುವವರಿರಲಿ, ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರಿರಲಿ, ಟೇಪು ಹಿಡಿದು ಆಕೆ ಬಂದಾಗ ಐದು ನಿಮಿಷ ಬಿಡುವು ಮಾಡಿಕೊಳ್ಳಿ.